ಕಾಲ ಕೆಳಗಿನ ಫರ್ಸಿ, ಪೈಪಿನೊಳಗಿನ ಸುಣ್ಣ

ಕಲಬುರಗಿಯ ಹಳೆಯ ಕಚೇರಿ, ಛತ್ರ, ಆಸ್ಪತ್ರೆಗಳ ವರಾಂಡದಲ್ಲಿ ಕಾಲ ಕೆಳಗೆ ನೋಡಿದರೆ ಬಹುಪಾಲು ಕಾಣುವುದು ಬೂದು ಬಣ್ಣದ ಶಹಾಬಾದ್ ಫರ್ಸಿ. ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತ ಕೆಸರು ಗಟ್ಟಿಯಾಗಿ ಆದ ಸುಣ್ಣಕಲ್ಲು ಅದು. ಅದರ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಸುಡುವುದೂ ಸುಣ್ಣಕಲ್ಲನ್ನೇ. ಇದೇ ನೆಲವನ್ನು ತೊಳೆಯಲು ಈಗ ಆಸ್ಪತ್ರೆ, ಮಾಲ್, ರೈಲು ನಿಲ್ದಾಣಗಳಿಗೆ ಬ್ಯಾಟರಿ ಸ್ಕ್ರಬ್ಬರ್ ಮಶೀನುಗಳು ಬಂದಿವೆ. ಬೋರಿನ ನೀರು ಕುಡಿದ ಅಂಥ ಮಶೀನೊಂದರ ಪೈಪು ಬಿಚ್ಚಿ ನೋಡಿ. ಒಳಗೆ ಬಿಳಿ ಪೊರೆ ಕಟ್ಟಿರುತ್ತದೆ. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ನೆಲವೂ ಮಶೀನಿನ ಕಾಯಿಲೆಯೂ ಒಂದೇ ವಸ್ತುವಾಗಿರುವ ಊರಿನಲ್ಲಿ, ಒಂದಕ್ಕೆ ಹಾಕುವ ಮದ್ದು ಇನ್ನೊಂದನ್ನು ತಿನ್ನುತ್ತದೆ. ಬೇರೆ ಊರಿನಲ್ಲಿ ಬರೆದ ಕೈಪಿಡಿ ಇಲ್ಲಿ ಅರ್ಧ ದಾರಿಗೆ ಕೈಬಿಡುವುದು ಈ ಕಾರಣಕ್ಕೆ.

ಮಶೀನಿನ ಕೆಲಸ ಸರಳ. ಒಂದು ಟ್ಯಾಂಕಿನಿಂದ ಶುದ್ಧ ನೀರು ಬ್ರಷ್ಷಿನ ಮೇಲೆ ಇಳಿಯುತ್ತದೆ, ಬ್ರಷ್ಷು ತಿಕ್ಕುತ್ತದೆ, ಹಿಂದಿನ ರಬ್ಬರ್ ಪಟ್ಟಿ ಕೊಳೆನೀರನ್ನು ಒಂದೆಡೆ ಗುಡಿಸುತ್ತದೆ, ವ್ಯಾಕ್ಯೂಮ್ ಮೋಟರು ಅದನ್ನು ಎರಡನೇ ಟ್ಯಾಂಕಿಗೆ ಹೀರುತ್ತದೆ.

ಮೊದಲು ನೀರಿನ ದಾರಿ. ಬೋರಿನ ಸವಳು (ಗಡಸು) ನೀರಿನಲ್ಲಿ ಸುಣ್ಣ ಕಣ್ಣಿಗೆ ಕಾಣುವುದಿಲ್ಲ, ಯಾಕೆಂದರೆ ಅದು ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತದೆ. ನೀರು ಬಿಸಿಯಾದರೆ ಇಲ್ಲವೇ ಆರಿದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಗಟ್ಟಿಯಾಗಿ ಕೂರುತ್ತದೆ. ಮನೆಯ ವಾಟರ್ ಹೀಟರಿನ ಕಾಯಿಲ್ ಬೆಳ್ಳಗಾಗುವುದೂ ಹೀಗೇ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ, ಸಂಜೆ ಪೈಪಿನಲ್ಲಿ ಉಳಿದ ನೀರು ಬೆಳಗಾಗುವುದರೊಳಗೆ ಆರಿ ತನ್ನ ಪಾಲಿನ ಸುಣ್ಣ ಬಿಟ್ಟುಹೋಗುತ್ತದೆ. ಲಕ್ಷಣ ಗುರುತಿಸುವುದು ಸುಲಭ: ಬ್ರಷ್ಷು ತಿರುಗುತ್ತಿದ್ದರೂ ನೆಲ ಒಂದು ಪಕ್ಕ ಒದ್ದೆ, ಇನ್ನೊಂದು ಪಕ್ಕ ಒಣ. ಅಥವಾ ನಿಲ್ಲಿಸಿಟ್ಟ ಮಶೀನಿನ ಕೆಳಗೆ ಬೆಳಿಗ್ಗೆ ನೀರು ನಿಂತಿರುತ್ತದೆ. ನೀರು ಬಿಟ್ಟು ಕಟ್ಟುವ ಸೋಲೆನಾಯ್ಡ್ ವಾಲ್ವಿನ ಬಾಯಿಗೆ ಸುಣ್ಣದ ಹರಳೊಂದು ಸಿಕ್ಕಿಕೊಂಡರೂ ಸಾಕು, ಅದು ಪೂರ್ತಿ ಮುಚ್ಚುವುದಿಲ್ಲ. ವಾಲ್ವು ಬದಲಿಸುವ ಮೊದಲು ಅದರ ಹಿಂದಿರುವ ಜಾಳಿಗೆ ಫಿಲ್ಟರನ್ನು ಬಿಚ್ಚಿ ತೊಳೆದು ನೋಡಬೇಕು. ಎಷ್ಟೋ ಸಲ ಅಲ್ಲಿಗೇ ದುರಸ್ತಿ ಮುಗಿಯುತ್ತದೆ.

ಗಟ್ಟಿ ಪೊರೆಯನ್ನು ಕರಗಿಸಲು ಆಮ್ಲ ಬೇಕು. ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ತೆಳು ದ್ರಾವಣ ಸಾಕಾಗುತ್ತದೆ. ಯಡವಟ್ಟು ನಡೆಯುವುದು ಇಲ್ಲೇ. ದ್ರಾವಣವನ್ನು ಟ್ಯಾಂಕಿಗೆ ಸುರಿದು ಮಶೀನನ್ನು ಹಾಗೇ ವರಾಂಡದಲ್ಲಿ ಓಡಿಸಿದರೆ ಪೈಪಿನ ಸುಣ್ಣದ ಜೊತೆಗೆ ಫರ್ಸಿಯ ಮುಖವೂ ಕರಗುತ್ತದೆ. ನಂಬಿಕೆ ಬರದಿದ್ದರೆ ಪಾಲಿಶ್ ಮಾಡಿದ ಶಹಾಬಾದ್ ತುಂಡಿನ ಮೇಲೆ ಎರಡು ಹನಿ ನಿಂಬೆರಸ ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ಒರೆಸಿ. ಹನಿ ಬಿದ್ದಷ್ಟಗಲ ಹೊಳಪು ಹೋಗಿ ಮಂಕು ಕಲೆ ಉಳಿದಿರುತ್ತದೆ. ಅದನ್ನು ತೊಳೆದು ತೆಗೆಯಲಾಗುವುದಿಲ್ಲ, ಯಾಕೆಂದರೆ ಅಲ್ಲಿ ಅಂಟಿದ ಕೊಳೆಯಿಲ್ಲ, ಕಲ್ಲೇ ಸವೆದಿದೆ. ಹಾಗಾಗಿ ಸುಣ್ಣ ತೆಗೆಯುವ ಕೆಲಸ ಮೋರಿಯ ಪಕ್ಕದಲ್ಲಿ, ಬಕೆಟ್ ಇಟ್ಟುಕೊಂಡು ಆಗಬೇಕು. ಆಮೇಲೆ ಒಳ್ಳೆಯ ನೀರಿನಿಂದ ಪೈಪು ಜಾಲಾಡಿಸಬೇಕು. ಬಾತ್‌ರೂಮ್ ಆ್ಯಸಿಡ್ಡನ್ನಂತೂ ಮಶೀನಿನ ಹತ್ತಿರ ಸುಳಿಯಗೊಡಬಾರದು. ಅದರ ಹೊಗೆಗೇ ಕಬ್ಬಿಣದ ಭಾಗಗಳು ತುಕ್ಕು ಹಿಡಿಯುತ್ತವೆ.

ಸವಳು ನೀರಿನ ಇನ್ನೊಂದು ಕಾಟ ನೊರೆಯದು. ಇದು ತಿರುಗುಮುರುಗು ಕತೆ. ಗಡಸು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೇವೆ, ಅದು ನಿಜ. ಆದರೆ ಅಂಗಡಿಯ ಡಿಟರ್ಜೆಂಟ್ ಬೇರೆ, ಅದು ಸವಳಿನಲ್ಲೂ ನೊರೆ ಎಬ್ಬಿಸುತ್ತದೆ. ನೆಲ ಬೆಳಗಲಿಲ್ಲವೆಂದು ಕೆಲಸದವರು ಇನ್ನೊಂದು ಮುಚ್ಚಳ ಸುರಿಯುತ್ತಾರೆ. ಕೊಳೆನೀರಿನ ಟ್ಯಾಂಕಿನಲ್ಲಿ ಒಂದು ತೇಲುಚೆಂಡು ಇರುತ್ತದೆ. ನೀರು ತುಂಬಿದಾಗ ಅದು ಮೇಲೆದ್ದು ಗಾಳಿಯ ದಾರಿ ಮುಚ್ಚಿ ಮೋಟರನ್ನು ಕಾಪಾಡುತ್ತದೆ. ನೊರೆಗೆ ಚೆಂಡನ್ನು ಎತ್ತುವ ಬಲವಿಲ್ಲ. ಅದು ಚೆಂಡನ್ನು ದಾಟಿ ನೇರ ಮೋಟರಿಗೆ ನುಗ್ಗುತ್ತದೆ. ಮೋಟರು ಸುಟ್ಟ ಮೇಲೆ ಕಂಪನಿಯನ್ನು ಬೈಯುವವರು ಡಬ್ಬಿಯ ಮೇಲಿನ ಅಳತೆ ಓದಿರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಮಾತ್ರ ಒಂದೇ: "ಮಶೀನ ನೀರ ಎಳೀವಲ್ದ್ರಿ ಸರ." ಕೂಡಲೇ ಎಲ್ಲರ ಕಣ್ಣು ಮೋಟರಿನ ಮೇಲೆ ಹೋಗುತ್ತದೆ. ವಾತಾವರಣದ ಒತ್ತಡ ಸುಮಾರು 10 ಮೀಟರ್ ನೀರಿನ ಕಂಬಕ್ಕೆ ಸಮ. ಈ ಮಶೀನುಗಳ ಮೋಟರು ಅದರಲ್ಲಿ ತಗ್ಗಿಸುವುದು ಹತ್ತರಲ್ಲೊಂದು ಪಾಲಿನ ಆಸುಪಾಸು ಮಾತ್ರ. ಇಷ್ಟು ಸಣ್ಣ ಬಲವನ್ನು ನಂಬಿಕೊಂಡು ನೀರು ಮೇಲೇರಬೇಕಾದ್ದರಿಂದ ದಾರಿಯಲ್ಲಿ ಎಲ್ಲಿಯೇ ಬಿರುಕಿದ್ದರೂ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ರಬ್ಬರ್ ಪಟ್ಟಿಯ ಕೆಳಗಿನ ನೀರು ಅಲ್ಲೇ ಉಳಿಯುತ್ತದೆ. ಪರೀಕ್ಷೆಗೆ ಉಪಕರಣ ಬೇಕಿಲ್ಲ. ಪಟ್ಟಿಯ ಕಡೆಯಿಂದ ಹೋಸ್ ಬಿಚ್ಚಿ ಅದರ ಬಾಯಿಗೆ ಅಂಗೈ ಒತ್ತಿ. ಅಂಗೈ ಕಚ್ಚಿ ಹಿಡಿದರೆ ಮೋಟರು ಚೆನ್ನಾಗಿದೆ, ತಪ್ಪು ಪಟ್ಟಿಯದು. ಹಿಡಿಯದಿದ್ದರೆ ಟ್ಯಾಂಕಿನ ಮುಚ್ಚಳದ ಗ್ಯಾಸ್ಕೆಟ್ಟು, ಹೋಸಿನ ಸೀಳು, ಕಟ್ಟಿದ ಫಿಲ್ಟರ್, ಅಂಟಿಕೊಂಡ ತೇಲುಚೆಂಡು ಇವನ್ನೆಲ್ಲ ನೋಡಿ ಮುಗಿಸಿ ಕೊನೆಗೆ ಮೋಟರಿಗೆ ಬರಬೇಕು.

ಪಟ್ಟಿಯಲ್ಲಿ ಎರಡು ರಬ್ಬರುಗಳಿರುತ್ತವೆ. ಮುಂದಿನದಕ್ಕೆ ಸೀಳುಗಳಿದ್ದು ನೀರನ್ನು ಒಳಗೆ ಬಿಡುತ್ತದೆ. ಹಿಂದಿನದು ಅಖಂಡ, ನೀರನ್ನು ತಡೆಯುತ್ತದೆ. ಒರೆಸಿದ ಜಾಗದಲ್ಲಿ ಉದ್ದುದ್ದ ಗೆರೆ ಉಳಿದರೆ ಹಿಂದಿನ ರಬ್ಬರಿನ ಕೆಳಗೆ ಬೆರಳಾಡಿಸಿ. ಗುಟ್ಕಾ ಚೀಟಿಯ ಚೂರು, ಬೆಂಕಿಕಡ್ಡಿ, ಕಲ್ಲಿನ ಹರಳು, ಏನಾದರೂ ಸಿಕ್ಕೇ ಸಿಗುತ್ತದೆ. ಏನೂ ಇಲ್ಲದೆ ಅಂಚು ದುಂಡಗಾಗಿದ್ದರೆ ರಬ್ಬರನ್ನು ತಿರುವಿ ಹಾಕಬಹುದು. ಹೆಚ್ಚಿನ ಮಾದರಿಗಳಲ್ಲಿ ಒಂದೇ ರಬ್ಬರಿಗೆ ಬಳಸಬಹುದಾದ ನಾಲ್ಕು ಅಂಚುಗಳಿರುತ್ತವೆ. ಮೂರು ಅಂಚು ಹೊಸದಿರುವಾಗಲೇ ಕಸಕ್ಕೆ ಹೋಗುವ ರಬ್ಬರುಗಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಮಶೀನಿಗೆ ಲಕ್ಷಗಟ್ಟಲೆ ಸುರಿದವರು ರಬ್ಬರಿಗೆ ಮಂಜೂರಾತಿ ಇಲ್ಲವೆನ್ನುವುದು. ಜಾರುವ ನೆಲಕ್ಕೆ ಬೈಗುಳ ತಿನ್ನುವವರು ಗುತ್ತಿಗೆಯ ಕೆಲಸದವರು.

ಬ್ಯಾಟರಿಗೆ ಕಲಬುರಗಿಯ ಬೇಸಿಗೆಯೇ ಶತ್ರು. ಸೀಸ-ಆಮ್ಲದ ಬ್ಯಾಟರಿಗಳ ಆಯಸ್ಸನ್ನು ಸಾಮಾನ್ಯವಾಗಿ 25 ಡಿಗ್ರಿಗೆ ಲೆಕ್ಕ ಹಾಕುತ್ತಾರೆ; ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಸ್ಥೂಲ ಲೆಕ್ಕ. ಚಾರ್ಜಾಗುವಾಗ ಒಳಗಿನ ನೀರು ಒಡೆದು ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4 ಆದರೆ ಕಿಡಿಯೊಂದು ಸಾಕು, ಬೆಂಕಿ ಹೊತ್ತಿಕೊಳ್ಳುತ್ತದೆ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಗೂಡಿನಲ್ಲಿ ಚಾರ್ಜಿಗಿಡುವುದು ಅಪಾಯ. ಕಳೆದುಹೋದ ನೀರಿನ ಜಾಗಕ್ಕೆ ಬ್ಯಾಟರಿ ನೀರನ್ನೇ ಹಾಕಬೇಕು. ಬೋರಿನ ನೀರಿನ ಕಬ್ಬಿಣ, ಕ್ಲೋರೈಡುಗಳು ಬ್ಯಾಟರಿಯೊಳಗಿನ ಸೀಸದ ಫಲಕಗಳನ್ನು ಹಾಳುಮಾಡುತ್ತವೆ. ಹಾಕುವುದು ಚಾರ್ಜಾದ ಮೇಲೆ. ಮೊದಲೇ ತುಂಬಿಸಿಟ್ಟರೆ ದ್ರವ ಉಬ್ಬಿ ಹೊರಗೆ ಚೆಲ್ಲುತ್ತದೆ. ಫಲಕ ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟನ್ನು ಮೊದಲೇ ಹಾಕಬಹುದು. ಚೆಲ್ಲಿದ್ದು ಗಂಧಕಾಮ್ಲ, ಬಿದ್ದದ್ದು ಸುಣ್ಣಕಲ್ಲಿನ ಮೇಲೆ. ಅಲ್ಲಿ ಜಿಪ್ಸಂ ಹುಟ್ಟಿ ಬಿಳಿ ಮಚ್ಚೆ ಬೀಳುತ್ತದೆ. ಚಾರ್ಜಿಂಗ್ ಮೂಲೆಯ ಫರ್ಸಿ ಬಿಳಿಚಿಕೊಂಡಿದ್ದರೆ ಬ್ಯಾಟರಿ ನೋಡಿಕೊಳ್ಳುವವರ ಅಭ್ಯಾಸ ಅಲ್ಲೇ ಬರೆದಂತೆ.

ಬ್ಯಾಟರಿ ದ್ರವ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂದು ಅಳೆಯುವ ಹೈಡ್ರೋಮೀಟರ್ ಇದ್ದರೆ ಬ್ಯಾಟರಿಯ ಒಂದೊಂದೇ ಕೋಶ ಪರೀಕ್ಷಿಸಿ. ಪೂರ್ತಿ ಚಾರ್ಜಾದಾಗ 1.265ರಿಂದ 1.280ರವರೆಗೆ ತೋರಿಸಬೇಕು. ಒಂದು ಕೋಶ ಮಾತ್ರ ಉಳಿದವಕ್ಕಿಂತ 0.05ರಷ್ಟು ಕೆಳಗಿದ್ದರೆ ಕೆಟ್ಟಿರುವುದು ಅದೊಂದೇ ಇರಬಹುದು. ಖಾಲಿಯಾದ ಬ್ಯಾಟರಿಯನ್ನು ಹಬ್ಬದ ರಜೆಯಲ್ಲಿ ಹಾಗೇ ಬಿಟ್ಟರೆ ಸೀಸದ ಸಲ್ಫೇಟ್ ದೊಡ್ಡ ಹರಳಾಗಿ ಕೂರುತ್ತದೆ, ಆಮೇಲೆ ಎಷ್ಟು ಹೊತ್ತು ಚಾರ್ಜಿಗಿಟ್ಟರೂ ಕರಗುವುದಿಲ್ಲ.

ಉಳಿದವು ಸಣ್ಣ ಕೆಲಸ. ಸಂಜೆ ಎರಡೂ ಟ್ಯಾಂಕು ಖಾಲಿ ಮಾಡಿ ಮುಚ್ಚಳ ತೆರೆದಿಡುವುದು, ರಬ್ಬರ್ ಪಟ್ಟಿಯನ್ನು ನೆಲದಿಂದ ಎತ್ತಿಡುವುದು. ಗಂಜ್ ಕಡೆಯ ಗೋದಾಮು, ಬೇಳೆ ಮಿಲ್ಲುಗಳಲ್ಲಿ ತೊಗರಿ ಹೊಟ್ಟಿನ ದೂಳನ್ನು ಒಣಗಿದ್ದಾಗಲೇ ಗುಡಿಸಿ ಆಮೇಲೆ ಮಶೀನು ಇಳಿಸಬೇಕು, ನೀರು ಬಿದ್ದರೆ ಅದು ಹಿಟ್ಟಿನಂತೆ ಮೆತ್ತಿಕೊಂಡು ಹೋಸ್ ಕಟ್ಟುತ್ತದೆ. ಚೀಲದ ಸುತಳಿ ಬ್ರಷ್ಷಿನ ದಂಡಕ್ಕೆ ಸುತ್ತಿಕೊಂಡು ಬಿಗಿಯಾದರೆ ಮೋಟರು ಬಿಸಿಯಾಗಿ ಮಶೀನು ತಾನೇ ಬಂದ್ ಆಗುತ್ತದೆ; ಆಗ ರಿಸೆಟ್ ಬಟನ್ ಒತ್ತುವುದಕ್ಕೆ ಮೊದಲು ಬ್ಯಾಟರಿಯ ಕೇಬಲ್ ಬಿಚ್ಚಿ, ಬ್ರಷ್ಷು ಕಳಚಿ, ಬ್ಲೇಡಿನಿಂದ ಸುತಳಿ ಕೊಯ್ದು ತೆಗೆಯಬೇಕು.