‘ಕ್ರ್ಯಾಶ್’ ಪದ ಎಣಿಸಿದರೆ ವಿಶ್ಲೇಷಣೆ ಮುಗಿಯಿತೇ?

ಸಂಶೋಧನೆ ಮಾಡುತ್ತಿರುವ ಹುಡುಗನೊಬ್ಬ ಒಂದು ಆ್ಯಪ್‌ನ ಸಾವಿರಾರು ರಿವ್ಯೂಗಳನ್ನು ಡೌನ್‌ಲೋಡ್ ಮಾಡಿಕೊಂಡು ಬಂದಿದ್ದ. ‘ಕ್ರ್ಯಾಶ್’ ಅನ್ನುವ ಪದ ಯಾವ ತಿಂಗಳಲ್ಲಿ ಎಷ್ಟು ಸಲ ಬಂದಿದೆ ಅಂತ ಎಣಿಸಿ, ಚೆಂದದ ಚಾರ್ಟ್ ಕೂಡ ಮಾಡಿದ್ದ. ‘ಸರ್, ಕಂಟೆಂಟ್ ಅನಾಲಿಸಿಸ್ ಮುಗೀತು’ ಅಂದ. ಬರಹಗಳನ್ನು ನಿಯಮದ ಪ್ರಕಾರ ವರ್ಗಗಳಿಗೆ ಹಂಚಿ ಅರ್ಥಮಾಡಿಕೊಳ್ಳುವ ವಿಧಾನಕ್ಕೆ ಆ ಹೆಸರು. ನಾನು ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಒಂದು ಸಾಲು ಓದಿದೆ: ‘ಎರಡು ವರ್ಷದಿಂದ ಬಳಸ್ತಿದ್ದೀನಿ, ಒಮ್ಮೆಯೂ ಕ್ರ್ಯಾಶ್ ಆಗಿಲ್ಲ.’ ಅದೂ ದೂರಿನ ಲೆಕ್ಕಕ್ಕೇ ಸೇರಿತ್ತು.

ಎಣಿಸುವುದು ತಪ್ಪಲ್ಲ. ಸಂವಹನ ಸಂಶೋಧಕ ಬರ್ನಾರ್ಡ್ ಬೆರೆಲ್ಸನ್ 1952ರಲ್ಲಿ ಈ ವಿಧಾನವನ್ನು ವಿವರಿಸುವಾಗಲೂ ಸಂಖ್ಯೆಗೆ ಜಾಗ ಕೊಟ್ಟಿದ್ದರು. ಆದರೆ ಅದರ ಜೊತೆಗೆ ‘ಕ್ರಮಬದ್ಧ’ ಅನ್ನುವ ಮಾತೂ ಇತ್ತು. ಅಂದರೆ, ಒಂದೇ ಪಠ್ಯವನ್ನು ಒಂದೇ ನಿಯಮ ಹಿಡಿದು ನೀವು ಓದಿದರೂ ನಾನು ಓದಿದರೂ ಅದು ಒಂದೇ ಡಬ್ಬಿಗೆ, ಅಂದರೆ ಒಂದೇ ವರ್ಗಕ್ಕೆ, ಬೀಳಬೇಕು. ಆಗ ಈ ಕೆಲಸಕ್ಕೆ ಪತ್ರಿಕೆ, ರೇಡಿಯೋ ಇದ್ದವು. ಈಗ ನಮ್ಮ ಐಟಿಯವರ ಮುಂದೆ ಬಗ್ ರಿಪೋರ್ಟ್, ಕಮಿಟ್ ಮೆಸೇಜ್, ಸಪೋರ್ಟ್ ಟಿಕೆಟ್, ಪ್ರೈವೆಸಿ ಪಾಲಿಸಿ, ಕೆಲಸದ ಜಾಹೀರಾತು ಎಲ್ಲವೂ ರಾಶಿ ಬಿದ್ದಿವೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಿಬಿಡೋಣ. ‘ಕೋಡಿಂಗ್ ಶುರು ಮಾಡಿ’ ಅಂದ ತಕ್ಷಣ ನಮ್ಮವರು ಪ್ರೋಗ್ರಾಂ ಬರೆಯಲು ಪೈಥಾನ್ ತೆರೆಯುತ್ತಾರೆ. ಇಲ್ಲಿ ಕೋಡಿಂಗ್ ಅಂದರೆ ಪಠ್ಯದ ಒಂದೊಂದು ತುಣುಕಿಗೆ ಲೇಬಲ್ ಹಚ್ಚುವುದು, ಅಷ್ಟೇ.

ಅಷ್ಟೇ ಅಂದೆ, ಆದರೆ ಅದೇ ಕಷ್ಟ. ಈ ರಿವ್ಯೂ ನೋಡಿ: ‘ಅಪ್‌ಡೇಟ್ ಆದ್ಮೇಲೆ ಲಾಗಿನ್ ಆಗ್ತಿಲ್ಲ. ಹಳೇದೇ ಚೆನ್ನಾಗಿತ್ತು. ಬೆರಳಚ್ಚಿನ ಲಾಗಿನ್ ಕೊಡಿ ದಯವಿಟ್ಟು.’ ಇದು ದೋಷವೋ, ಅಸಮಾಧಾನವೋ, ಹೊಸ ಸೌಲಭ್ಯದ ಬೇಡಿಕೆಯೋ? ಇಡೀ ರಿವ್ಯೂಗೆ ಒಂದೇ ಲೇಬಲ್ ಅಂದರೆ ಉಳಿದ ಎರಡು ಕಳೆದುಹೋಗುತ್ತವೆ. ವಾಕ್ಯ ವಾಕ್ಯ ಬಿಡಿಸಿದರೆ ‘ಹಳೇದೇ ಚೆನ್ನಾಗಿತ್ತು’ ಅನ್ನುವುದು ಒಂಟಿಯಾಗಿ ನಿಲ್ಲುತ್ತದೆ. ಹಳೇದು ಅಂದರೆ ಏನು? ಲಾಗಿನ್ ರೀತಿಯೋ, ಸ್ಕ್ರೀನಿನ ಅಂದವೋ? ಹಾಗಾಗಿ ನಾನು ಲೇಬಲ್ ಹಚ್ಚುವುದು ವಾಕ್ಯಕ್ಕೆ, ಓದುವುದು ಮಾತ್ರ ಇಡೀ ರಿವ್ಯೂವನ್ನು. ಬೇರೆಯವರು ಬೇರೆ ದಾರಿ ಹಿಡಿಯಬಹುದು. ಯಾವುದಾದರೂ ಸರಿ, ಶುರುವಿಗೆ ಮುಂಚೆ ಬರೆದಿಟ್ಟುಕೊಂಡಿರಬೇಕು.

ಬರೆದಿಡುವ ಜಾಗವೇ ಕೋಡ್‌ಬುಕ್. ಲೇಬಲ್‌ಗಳ ಪಟ್ಟಿ ಬರೆದು ಅದನ್ನೇ ಕೋಡ್‌ಬುಕ್ ಅನ್ನುವವರು ಜಾಸ್ತಿ. ಪಟ್ಟಿ ಸಾಲದು. ನನ್ನದರಲ್ಲಿ ಒಂದು ನಮೂದು ಹೀಗಿರುತ್ತದೆ: ‘ದೋಷ: ಮೊದಲು ನಡೆಯುತ್ತಿದ್ದದ್ದು, ಅಥವಾ ನಡೆಯುತ್ತದೆ ಅಂತ ಆ್ಯಪ್ ಹೇಳಿಕೊಂಡದ್ದು, ಈಗ ನಡೆಯದಿದ್ದರೆ. ಬರೀ ನಿಧಾನ ಅಂದಿದ್ದರೆ ಇಲ್ಲಿ ಬೇಡ, ವೇಗಕ್ಕೆ ಹಾಕಿ.’ ಕೆಳಗೆ ಸೇರುವುದಕ್ಕೊಂದು, ಸೇರದ್ದಕ್ಕೊಂದು ಉದಾಹರಣೆ. ‘ಇಲ್ಲಿ ಬೇಡ’ ಅನ್ನುವ ಆ ಎರಡನೇ ವಾಕ್ಯವೇ ಜೀವಾಳ, ಅಲ್ವಾ? ಏನು ಬೇಡ ಅಂತ ಹೇಳದ ಡಬ್ಬಿಗೆ ಎಲ್ಲವೂ ಬಂದು ಬೀಳುತ್ತದೆ.

ಮೊದಲ ಕೋಡ್‌ಬುಕ್ ಕೈಕೊಡುವುದು ಖಂಡಿತ. ಅದಕ್ಕೇ ಐವತ್ತೋ ನೂರೋ ತುಣುಕುಗಳನ್ನು ಇಬ್ಬರು ಬೇರೆ ಬೇರೆ ಕೂತು, ಮಾತಾಡಿಕೊಳ್ಳದೆ ಕೋಡ್ ಮಾಡಬೇಕು. ಆಮೇಲೆ ಹೋಲಿಸಿ. ಇಲ್ಲಿ ಶೇಕಡಾವಾರು ಒಪ್ಪಿಗೆ ನೋಡಿ ಖುಷಿಪಡಬೇಡಿ. ನೂರು ರಿವ್ಯೂ ಇವೆ ಅಂದುಕೊಳ್ಳಿ. 85ಕ್ಕೆ ಇಬ್ಬರೂ ‘ದೋಷ’ ಅಂದರು, 5ಕ್ಕೆ ಇಬ್ಬರೂ ‘ಅಲ್ಲ’ ಅಂದರು. ಉಳಿದ 10ರಲ್ಲಿ ಐದೈದು ಕಡೆ ಒಬ್ಬರು ಹೌದು, ಇನ್ನೊಬ್ಬರು ಅಲ್ಲ. 90% ಒಪ್ಪಿಗೆ! ಆದರೆ ಇಬ್ಬರೂ ನೂರರಲ್ಲಿ ತೊಂಬತ್ತಕ್ಕೆ ‘ದೋಷ’ ಅನ್ನುವವರೇ. ಕಣ್ಣು ಮುಚ್ಚಿ ಅದೇ ಪ್ರಮಾಣದಲ್ಲಿ ಹಚ್ಚಿದ್ದರೂ 82% (0.9×0.9 + 0.1×0.1) ಹೊಂದಿಕೆಯಾಗುತ್ತಿತ್ತು. ಈ ಆಕಸ್ಮಿಕ ಒಪ್ಪಿಗೆಯನ್ನು ಕಳೆಯುವುದಕ್ಕೇ ಜೇಕಬ್ ಕೋಹೆನ್ 1960ರಲ್ಲಿ ಕಪ್ಪಾ ಅನ್ನುವ ಅಳತೆ ಕೊಟ್ಟದ್ದು. 0.90ರಲ್ಲಿ 0.82 ಕಳೆದು, ಒಂದರಲ್ಲಿ 0.82 ಕಳೆದಾಗ ಉಳಿಯುವ 0.18ರಿಂದ ಭಾಗಿಸಿ: 0.44. ಖುಷಿ ಇಳಿಯಿತು. ಕ್ಲೌಸ್ ಕ್ರಿಪೆನ್‌ಡಾರ್ಫ್ ಅವರ ಆಲ್ಫಾ ಕೂಡ ಇದೇ ಜಾತಿಯದು. ಕೋಡ್ ಮಾಡುವವರು ಇಬ್ಬರಿಗಿಂತ ಹೆಚ್ಚಿದ್ದರೂ, ನಡುವೆ ಕೆಲವು ತುಣುಕು ಬಿಟ್ಟುಹೋಗಿದ್ದರೂ ಅದು ನಡೆಯುತ್ತದೆ. ಅವರ ಪ್ರಕಾರ ಆಲ್ಫಾ 0.800 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಂಬಬಹುದು, 0.667ರಿಂದ 0.800ರ ನಡುವೆ ಇದ್ದರೆ ತಾತ್ಕಾಲಿಕ ತೀರ್ಮಾನಕ್ಕೆ ಮಾತ್ರ.

ಸಂಖ್ಯೆಗಿಂತ ನನಗೆ ಇಷ್ಟವಾಗುವುದು ಹೊಂದದ ಆ ಹತ್ತು ತುಣುಕು. ಅವುಗಳ ಮೇಲೆ ಜಗಳ ಆಡಿ. ಯಾರು ಸರಿ ಅಂತಲ್ಲ, ನಿಯಮ ಎಲ್ಲಿ ಸಡಿಲ ಅಂತ. ನಿಯಮ ಬದಲಾದರೆ ಮೊದಲು ಕೋಡ್ ಮಾಡಿದ್ದನ್ನೂ ಮತ್ತೆ ಮಾಡಬೇಕು. ಬೇಜಾರಿನ ಕೆಲಸ, ಗೊತ್ತು.

‘ಬಗ್ ಟ್ರ್ಯಾಕರ್‌ನಲ್ಲಿ ಲೇಬಲ್ ಆಗಲೇ ಇರುತ್ತಲ್ಲ, ಅದನ್ನೇ ತಗೊಂಡರಾಯಿತು’ ಅನ್ನುವವರಿದ್ದಾರೆ. ಕಿಮ್ ಹರ್ಜಿಗ್, ಸಾಶಾ ಯುಸ್ಟ್, ಆಂದ್ರೆಯಾಸ್ ಝೆಲ್ಲರ್ ಐದು ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ 7,000ಕ್ಕೂ ಹೆಚ್ಚು ಇಶ್ಯೂ ರಿಪೋರ್ಟ್‌ಗಳನ್ನು ಕೈಯಾರೆ ಓದಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ‘ಬಗ್’ ಅಂತ ನಮೂದಾಗಿದ್ದವುಗಳಲ್ಲಿ 33.8% ಬಗ್ ಅಲ್ಲವೇ ಅಲ್ಲ. ಹೊಸ ಸೌಲಭ್ಯದ ಕೋರಿಕೆ, ಡಾಕ್ಯುಮೆಂಟೇಶನ್ ತಿದ್ದುಪಡಿ ಇಂಥವು. ಅದೇ ಲೇಬಲ್ ನಂಬಿ, ಯಾವ ಫೈಲಿನಲ್ಲಿ ದೋಷ ಬರಬಹುದು ಅಂತ ಮೊದಲೇ ಊಹಿಸುವ ಮಾಡೆಲ್ ಕಟ್ಟಿದವರ ಗತಿ ಏನು? ದೋಷವಿದೆ ಅಂತ ಗುರುತಾದ ಫೈಲುಗಳಲ್ಲೇ ಸರಾಸರಿ 39% ಫೈಲುಗಳಲ್ಲಿ ಯಾವತ್ತೂ ಬಗ್ ಇರಲಿಲ್ಲ ಅಂತಲೂ ಅವರೇ ತೋರಿಸಿದರು.

ಈಗಿನ ಪ್ರಶ್ನೆ: ಎಐಗೇ ಕೋಡ್ ಮಾಡಲು ಕೊಡಬಹುದಾ? ಕೊಡಿ, ನಾನೂ ಕೊಡುತ್ತೇನೆ. ಆದರೆ ಒಂದೇ ಮಾಡೆಲ್ ಅನ್ನು ಎರಡು ಸಲ ಓಡಿಸಿ ‘ಎರಡೂ ಹೊಂದಿದವು’ ಅನ್ನಬೇಡಿ. ಅದು ಇಬ್ಬರ ಒಪ್ಪಿಗೆಯಲ್ಲ, ಒಬ್ಬನೇ ತನ್ನ ಮಾತನ್ನು ಮತ್ತೆ ಹೇಳಿದ್ದು. ಮನುಷ್ಯರು ಕೋಡ್ ಮಾಡಿದ ಒಂದಷ್ಟು ತುಣುಕುಗಳ ಜೊತೆ ಹೋಲಿಸಿ, ಯಾವ ಡಬ್ಬಿಯಲ್ಲಿ ಅದು ಎಡವುತ್ತದೆ ನೋಡಿ. ವ್ಯಂಗ್ಯದ ಹೊಗಳಿಕೆಯನ್ನು ಮೊದಲು ಕೊಟ್ಟು ನೋಡಿ: ‘ವಾಹ್, ಲಾಗಿನ್ ಆಗೋಕೆ ಬರೀ ಹತ್ತು ನಿಮಿಷ!’ ಯಾವ ಮಾಡೆಲ್, ಯಾವ ವರ್ಷನ್, ಯಾವ ಪ್ರಾಂಪ್ಟ್ ಅನ್ನುವುದನ್ನೂ ಬರೆದಿಡಿ. ರಿವ್ಯೂಗಳನ್ನು ಯಾವ ದಿನ ಇಳಿಸಿಕೊಂಡಿರಿ ಅನ್ನುವುದನ್ನೂ. ಜನ ಬರೆದದ್ದನ್ನು ತಿದ್ದುತ್ತಾರೆ, ಅಳಿಸುತ್ತಾರೆ.

ಆ ಹುಡುಗ ಚಾರ್ಟ್ ಬದಿಗಿಟ್ಟ. ಅವನ ಕೋಡ್‌ಬುಕ್ ಈಗ ಏಳನೇ ಆವೃತ್ತಿಯಲ್ಲಿದೆ. ‘ನಿಧಾನ’ ಮತ್ತು ‘ಹ್ಯಾಂಗ್’ ನಡುವೆ ಗೆರೆ ಎಲ್ಲಿ ಎಳೆಯಬೇಕು ಅಂತ ಅವನಿಗೂ ಅವನ ಜೊತೆಗಾರ್ತಿಗೂ ನಡೆಯುತ್ತಿರುವ ಜಗಳ ಇನ್ನೂ ಮುಗಿದಿಲ್ಲ.