ಕೂಕಬುರಾ: ಕೂಗು ಕೇಳಿ ಜಾತಿ ಗುರುತಿಸುವುದು

ಕೂಕಬುರಾ ಅಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಮೊದಲು ನೆನಪಾಗುವುದು ಕ್ರಿಕೆಟ್ ಚೆಂಡು. ಆ ಚೆಂಡು ಮಾಡುವ ಆಸ್ಟ್ರೇಲಿಯಾ ಕಂಪನಿಗೆ ಹೆಸರು ಬಂದದ್ದು ಅದೇ ಹೆಸರಿನ ಹಕ್ಕಿಯಿಂದಲೇ. ಇದು ಮಿಂಚುಳ್ಳಿ ಕುಟುಂಬದ ಹಕ್ಕಿ, ಆದರೆ ಮೀನು ಹಿಡಿಯುವುದು ಅಪರೂಪ. ಹುಳು, ಹಲ್ಲಿ, ಇಲಿ, ಸಣ್ಣ ಹಾವು ಇದರ ಊಟ. ನಮ್ಮ ಗದ್ದೆ ಬಯಲಲ್ಲಿ, ಕರೆಂಟ್ ತಂತಿ ಮೇಲೆ ಕೂರುವ ಬಿಳಿ ಎದೆಯ ಮಿಂಚುಳ್ಳಿಯನ್ನು ನೋಡಿದ್ದೀರಲ್ವಾ? ಅದೂ ನೀರಿನಿಂದ ದೂರ ಕೂತು ಮಿಡತೆ, ಹಲ್ಲಿ ಹಿಡಿಯುತ್ತದೆ. ಎರಡೂ ಮಿಂಚುಳ್ಳಿಗಳ ಒಂದೇ ಕವಲಿಗೆ ಸೇರಿದವು.

ಸಾಮಾನ್ಯವಾಗಿ ನಾಲ್ಕು ಜಾತಿ ಎಣಿಸುತ್ತಾರೆ: ನಗುವ ಕೂಕಬುರಾ, ನೀಲಿ ರೆಕ್ಕೆಯದು, ಕೆಂಗಂದು ಹೊಟ್ಟೆಯದು, ಚುಕ್ಕಿ ತಲೆಯದು. ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪದ ಗುಡ್ಡಗಾಡಿನಲ್ಲಿ ಸಲಿಕೆಯಂಥ ಕೊಕ್ಕಿನಿಂದ ಕೆಸರು ಅಗೆದು ಎರೆಹುಳ ತಿನ್ನುವ ಹಕ್ಕಿಯನ್ನೂ ಕೆಲವು ಪಟ್ಟಿಗಳು ಇದೇ ಗುಂಪಿಗೆ ಹಾಕುತ್ತವೆ. ಹಾಗಾಗಿ ಒಂದು ಪುಸ್ತಕದಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು ಅಂತಿದ್ದರೆ ಗಾಬರಿ ಬೇಡ.

ಮುಖ್ಯ ವಿಷಯ ಇದು: ಜೋರಾಗಿ ನಗುವಂತೆ ಕೇಳಿಸುವ ಭಾಗವೊಂದನ್ನೇ ಹಿಡಿದುಕೊಂಡರೆ ಜಾತಿ ಗುರುತು ತಪ್ಪುತ್ತದೆ. ಕೂಗು ಹೇಗೆ ಶುರುವಾಗುತ್ತದೆ, ಹೇಗೆ ನಿಲ್ಲುತ್ತದೆ ಅನ್ನುವುದನ್ನು ಕೇಳಬೇಕು.

ನಗುವ ಕೂಕಬುರಾ

ಪೂರ್ವ ಆಸ್ಟ್ರೇಲಿಯಾ ಇದರ ಮೂಲ ನೆಲೆ. ಪಶ್ಚಿಮ ಆಸ್ಟ್ರೇಲಿಯಾ, ಟಾಸ್ಮೇನಿಯಾಗಳಿಗೆ ಜನರೇ ತಂದು ಬಿಟ್ಟರು. ನ್ಯೂಜಿಲೆಂಡಿನ ಉತ್ತರ ಭಾಗದಲ್ಲೂ ಸ್ವಲ್ಪ ಇವೆ, ಅವೂ ಹಾಗೆ ಬಂದವೇ. ಎಡವುವ ಜಾಗ ಒಂದಿದೆ. ಇದರ ವೈಜ್ಞಾನಿಕ ಹೆಸರು ಡಾಸೆಲೊ ನೋವೆಗಿನಿಯೆ, ಆದರೆ ನ್ಯೂಗಿನಿಯಲ್ಲಿ ಈ ಹಕ್ಕಿ ಇಲ್ಲವೇ ಇಲ್ಲ. 18ನೇ ಶತಮಾನದ ತಪ್ಪು ವರದಿಯೊಂದರಿಂದ ಅಂಟಿಕೊಂಡ ಹೆಸರು ಅದು.

ಕೂಗು ತಗ್ಗಿದ ದನಿಯಲ್ಲಿ, ಗಂಟಲೊಳಗೇ ಕಿಸಕ್ಕೆಂದಂತೆ ಶುರುವಾಗುತ್ತದೆ. ಆಮೇಲೆ ‘ಕೂ-ಕೂ-ಕೂ’ ಅಂತ ಏರುತ್ತದೆ. ಕೊನೆಗೆ ‘ಹಾ-ಹಾ-ಹಾ’ ಅಂತ ಬಾಯ್ತುಂಬ ನಗು, ನಂತರ ಮೆಲ್ಲಗೆ ಇಳಿದು ನಿಲ್ಲುತ್ತದೆ. ಹಕ್ಕಿ ತಲೆ ಹಿಂದಕ್ಕೆ ಚೆಲ್ಲಿ, ಕೊಕ್ಕು ಆಕಾಶಕ್ಕೆತ್ತಿ, ಬಾಲ ನಿಮಿರಿಸಿ ಕೂಗುತ್ತದೆ. ಒಂದು ಶುರು ಮಾಡಿದರೆ ಮನೆಯವರೆಲ್ಲ ದನಿಗೂಡಿಸುತ್ತಾರೆ. ಆ ಗಲಾಟೆಯಲ್ಲೂ ಗಂಡಿನ ‘ಗೋ-ಗೋ’ ಮತ್ತು ಹೆಣ್ಣಿನ ಗುಳುಗುಳು ಬೇರೆ ಬೇರೆ ಅಂತ ರೆಕಾರ್ಡಿಂಗ್ ವಿಶ್ಲೇಷಿಸಿದವರು ಗುರುತಿಸಿದ್ದಾರೆ.

ನಗು ಅಂತ ನಾವು ಕರೆಯುತ್ತೇವೆ ಅಷ್ಟೆ, ಇದು ಜಮೀನಿನ ತಕರಾರು. ‘ಈ ಜಾಗ ನಮ್ಮದು, ನಾವು ಇಷ್ಟು ಜನ ಇದ್ದೀವಿ’ ಅನ್ನುವ ಎಚ್ಚರಿಕೆ. ಅದಕ್ಕೇ ಬೆಳಗಾಗುವ ಹೊತ್ತು ಮತ್ತು ಮುಸ್ಸಂಜೆಯಲ್ಲಿ ಜಾಸ್ತಿ ಕೇಳುತ್ತದೆ. ಒಂದು ಗುಂಪು ಕೂಗಿ ಮುಗಿಸಿದರೆ ಪಕ್ಕದ ಗಡಿಯ ಗುಂಪು ಉತ್ತರ ಕೊಡುತ್ತದೆ.

ಗುಂಪಿನ ರಚನೆ ತಿಳಿದರೆ ಇದು ಇನ್ನಷ್ಟು ಅರ್ಥವಾಗುತ್ತದೆ. ಜೋಡಿ ವರ್ಷಗಟ್ಟಲೆ ಜೊತೆಗಿರುತ್ತದೆ. ದೊಡ್ಡವಾದ ಮಕ್ಕಳಲ್ಲಿ ಕೆಲವು ಮನೆ ಬಿಡದೆ ಕಾವು ಕೊಡಲು, ಹೊಸ ಮರಿಗಳಿಗೆ ಊಟ ತರಲು, ಗಡಿ ಕಾಯಲು ನಿಲ್ಲುತ್ತವೆ. ಇಷ್ಟು ಒಗ್ಗಟ್ಟಿನ ಕುಟುಂಬ ಅಂತ ಹೊಗಳುವ ಮೊದಲು ಗೂಡಿನೊಳಗೆ ಇಣುಕಬೇಕು. ಮೊದಲು ಹೊರಬಂದ ಮರಿಗಳ ಮೇಲ್ಕೊಕ್ಕಿನ ತುದಿಯಲ್ಲಿ ಕೊಕ್ಕೆ ಇರುತ್ತದೆ. ಊಟ ಕಡಿಮೆ ಬಿದ್ದರೆ ಅವು ಕೊನೆಯ ಮರಿಯನ್ನು ಕುಕ್ಕಿ ಕೊಲ್ಲುವುದೂ ಉಂಟು.

ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ಆಫ್ರಿಕಾದ ಕಾಡು ತೋರಿಸುವಾಗ ಹಿಂದೆ ಕೇಳಿಬರುತ್ತಿದ್ದ ವಿಚಿತ್ರ ನಗು ಎಷ್ಟೋ ಸಲ ಇದರದ್ದೇ. ಆಫ್ರಿಕಾದಲ್ಲಿ ಒಂದೂ ಕಾಡು ಕೂಕಬುರಾ ಇಲ್ಲ!

ನೀಲಿ ರೆಕ್ಕೆಯದು

ಉತ್ತರ ಆಸ್ಟ್ರೇಲಿಯಾ ಮತ್ತು ದಕ್ಷಿಣ ನ್ಯೂಗಿನಿ. ಇದರ ಕೂಗಿನಲ್ಲೂ ನಗುವಿನ ಛಾಯೆ ಇದೆ, ಆದರೆ ಒರಟು, ಕರ್ಕಶ. ನಡುವೆ ಬೊಗಳಿದಂತೆ, ಊಳಿಟ್ಟಂತೆ ಕೇಳುತ್ತದೆ. ಮುಖ್ಯವಾಗಿ, ಇಳಿಯುವ ನಗು ಇಲ್ಲ. ಕತ್ತರಿಸಿದ ಹಾಗೆ ಥಟ್ಟನೆ ನಿಲ್ಲುತ್ತದೆ.

ಆಸ್ಟ್ರೇಲಿಯಾದ ಈಶಾನ್ಯ ರಾಜ್ಯ ಕ್ವೀನ್ಸ್‌ಲ್ಯಾಂಡಿನ ಪೂರ್ವ ಭಾಗದಲ್ಲಿ ಈ ಎರಡೂ ಜಾತಿ ಸಿಗುವುದರಿಂದ ಅಲ್ಲಿ ಕಣ್ಣನ್ನೂ ಬಳಸಿ. ನಗುವ ಕೂಕಬುರಾಕ್ಕೆ ಕಣ್ಣಿನಿಂದ ಹಿಂದಕ್ಕೆ ಕಂದು ಪಟ್ಟಿ, ಕಣ್ಣು ಗಾಢ ಬಣ್ಣ. ನೀಲಿ ರೆಕ್ಕೆಯದಕ್ಕೆ ಆ ಪಟ್ಟಿ ಇಲ್ಲ, ಕಣ್ಣು ಬಿಳಿಚಿದಂತಿರುತ್ತದೆ. ಇದರಲ್ಲಿ ಗಂಡಿನ ಬಾಲ ನೀಲಿ, ಹೆಣ್ಣಿನದು ಕೆಂಗಂದು, ಮೇಲೆ ಗಾಢ ಪಟ್ಟೆಗಳು.

ಉಳಿದವು

ಕೆಂಗಂದು ಹೊಟ್ಟೆಯದು ನ್ಯೂಗಿನಿಯ ತಗ್ಗು ಪ್ರದೇಶದ ಕಾಡಿನದು. ಮೊದಲಿನ ಎರಡಕ್ಕಿಂತ ಚಿಕ್ಕದು. ಕೂಗು ಗಡುಸು, ಸಣ್ಣ ನಾಯಿ ಬೊಗಳಿದ ಹಾಗೆ. ಚುಕ್ಕಿ ತಲೆಯದು ನ್ಯೂಗಿನಿಯ ಪಕ್ಕದ ಅರು ದ್ವೀಪಗಳಲ್ಲಿ ಮತ್ತು ನ್ಯೂಗಿನಿಯ ದಕ್ಷಿಣ ಭಾಗದಲ್ಲಿ ಮಾತ್ರ ಇದೆ. ಇದರ ಕಪ್ಪು ತಲೆ ಮೇಲೆ ತಿಳಿ ಬಣ್ಣದ ಚುಕ್ಕಿಗಳು ಒತ್ತಾಗಿರುವುದರಿಂದ, ಕಂಡರೆ ಸಾಕು, ಕೂಗುವವರೆಗೆ ಕಾಯಬೇಕಿಲ್ಲ.