ಟೈಗರ್ ಶಾರ್ಕ್ ಎದುರಿಗಿದ್ದಾಗಲ್ಲ, ಮೇಲೇಳುವಾಗ ಎಚ್ಚರ

ನೇತ್ರಾಣಿಯಲ್ಲಿ ಸ್ಕೂಬಾ ಕಲಿತು ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಹಲವರು ಕೇಳುತ್ತಾರೆ: ‘ಸರ್, ಫುವಹ್ಮುಲಾಕ್ಕೆ ಯಾವಾಗ ಹೋಗಬಹುದು?’ ಮಾಲ್ಡೀವ್ಸ್‌ನ ದಕ್ಷಿಣದಲ್ಲಿ, ಸಮಭಾಜಕ ವೃತ್ತದ ಆಚೆಗಿರುವ ಒಂಟಿ ದ್ವೀಪ ಅದು. ಟೈಗರ್ ಶಾರ್ಕ್‌ಗಳು ವರ್ಷವಿಡೀ ಕಾಣಸಿಗುತ್ತವೆ. ಧೈರ್ಯ ಬಂದಾಗ ಹೋಗಬೇಡಿ, ಉಸಿರು ಹಿಡಿತಕ್ಕೆ ಬಂದಾಗ ಹೋಗಿ ಎನ್ನುತ್ತೇನೆ.

ಅಲ್ಲಿನ ಮೀನುಗಾರರು ಟ್ಯೂನಾ ಮೀನು ಕತ್ತರಿಸಿದ ಮೇಲೆ ತಲೆ, ಕರುಳನ್ನು ಬಂದರಿನ ನೀರಿಗೇ ಎಸೆಯುತ್ತಿದ್ದರು. ದ್ವೀಪದ ಅಂಚು ದಾಟಿದರೆ ಕಡಲು ಸಾವಿರಾರು ಅಡಿ ಆಳ. ವಾಸನೆ ಹಿಡಿದು ಬಂದ ಶಾರ್ಕ್‌ಗಳು ಆ ಜಾಗಕ್ಕೆ ಒಗ್ಗಿಹೋದವು. ಈಗ ಗೈಡ್‌ಗಳೇ ಟ್ಯೂನಾ ತಲೆಗಳನ್ನು ಕಲ್ಲುಗಳ ಸಂದಿಯಲ್ಲಿಟ್ಟು ಅವುಗಳನ್ನು ಕರೆಯುತ್ತಾರೆ. ನಾವು ಹತ್ತು ಮೀಟರ್ ಆಸುಪಾಸಿನ ಆಳದಲ್ಲಿ ಸಾಲಾಗಿ ಕೂತು ನೋಡಬೇಕು.

ನಾಲ್ಕು ಮೀಟರ್ ಉದ್ದದ ಪ್ರಾಣಿ ನೀಲಿಯೊಳಗಿಂದ ಒಂದಿಷ್ಟೂ ಅವಸರವಿಲ್ಲದೆ ಬರುತ್ತದೆ. ಅಗಲವಾದ ಮೊಂಡು ತಲೆ, ಪಕ್ಕೆಯ ಮೇಲೆ ಮಸುಕು ಪಟ್ಟೆ, ನಿಮ್ಮನ್ನೇ ಅಳೆಯುವ ದೊಡ್ಡ ಕಪ್ಪು ಕಣ್ಣು. ಆ ಕ್ಷಣದಲ್ಲಿ ಭಯಕ್ಕಿಂತ ಬೆರಗು ದೊಡ್ಡದು. ಅದಕ್ಕಾಗಿ ಅಷ್ಟು ದೂರ ಹೋಗುವುದು ಖಂಡಿತ ಸಾರ್ಥಕ. ಆದರೆ ದೇಹ ತನ್ನ ಲೆಕ್ಕ ಬಿಡುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಹಾಗಾಗಿ ಪ್ರತಿ ಉಸಿರಿಗೂ ಸಿಲಿಂಡರ್‌ನ ಗಾಳಿ ಎರಡರಷ್ಟು ಖರ್ಚು.

ಟೈಗರ್ ಶಾರ್ಕ್ ಬೇಟೆಯ ಹತ್ತಿರ ಸದ್ದಿಲ್ಲದೆ ಸುಳಿಯುವ ಜೀವಿ. ತನ್ನನ್ನು ಯಾರು ಗಮನಿಸುತ್ತಿದ್ದಾರೆ, ಯಾರು ಇಲ್ಲ ಎಂಬುದು ಅದಕ್ಕೆ ಮುಖ್ಯ. ನೀವು ನೆಟ್ಟಗೆ ನಿಂತು ಅದರತ್ತಲೇ ಮುಖ ಮಾಡಿದರೆ ಸಾಮಾನ್ಯವಾಗಿ ಪಕ್ಕಕ್ಕೆ ತಿರುಗುತ್ತದೆ. ಮೂತಿಯ ಸಣ್ಣ ರಂಧ್ರಗಳಿಂದ ವಿದ್ಯುತ್ತಿನ ಸುಳಿವು ಹಿಡಿಯಬಲ್ಲದು, ಹಾಗಾಗಿ ಕ್ಯಾಮೆರಾಕ್ಕೆ ಮೂತಿ ತಾಗಿಸುವುದೂ ಉಂಟು. ಅದು ಸಿಟ್ಟಲ್ಲ. ಕೈಗಳನ್ನು ಎದೆಗೆ ಕಟ್ಟಿಕೊಂಡಿರಿ, ಅದನ್ನು ಸರಿಸುವ ಕೆಲಸ ಗೈಡ್‌ಗೆ ಬಿಡಿ.

ನನಗೆ ನಿಜಕ್ಕೂ ಆತಂಕವಾಗುವುದು ಆಮೇಲೆ. 2017ರಲ್ಲಿ ಕೋಸ್ಟರಿಕಾದ ಕೊಕೊಸ್ ದ್ವೀಪದ ಬಳಿ ಟೈಗರ್ ಶಾರ್ಕ್ ಒಬ್ಬ ಪ್ರವಾಸಿಯ ಕಾಲಿಗೆ ಬಾಯಿಹಾಕಿತು, ಆಕೆ ಬದುಕಲಿಲ್ಲ, ಗೈಡ್‌ಗೂ ಗಾಯವಾಯಿತು. ಡೈವ್ ಮುಗಿಸಿ ಮೇಲೇಳುತ್ತಿದ್ದ ಹೊತ್ತದು. ದೇಹದಲ್ಲಿ ಕರಗಿದ ಸಾರಜನಕ ಹೊರಹೋಗಲೆಂದು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ತಡೆದು ನಿಲ್ಲುವಾಗ ಬೆನ್ನಿಗೆ ಬಂಡೆಯ ಆಸರೆಯಿಲ್ಲ, ಕಾಲು ಕೆಳಗೆ ಜೋತಾಡುತ್ತಿರುತ್ತದೆ. ಗಾಳಿ ಮುಗಿಯುತ್ತ ಬಂದವನ ಕಣ್ಣು ಗಾಳಿ ಎಷ್ಟಿದೆ ಎಂದು ತೋರಿಸುವ ಮಾಪಕದ ಮೇಲಿರುತ್ತದೆಯೇ ಹೊರತು ಕೆಳಗಿನ ನೀರಿನ ಮೇಲಲ್ಲ. ಆದ್ದರಿಂದ ಸಿಲಿಂಡರ್‌ನಲ್ಲಿ 100 ಬಾರ್ ಒತ್ತಡ, ಅಂದರೆ ಸುಮಾರು ಅರ್ಧದಷ್ಟು ಗಾಳಿ, ಇರುವಾಗಲೇ ಗೈಡ್‌ಗೆ ಸನ್ನೆ ಮಾಡಿ. ಜೊತೆಗಾರರೊಡನೆ ಬೆನ್ನಿಗೆ ಬೆನ್ನು ಕೊಟ್ಟು, ಒಬ್ಬರು ಅತ್ತ ಒಬ್ಬರು ಇತ್ತ ನೋಡುತ್ತ ಏಳಿ. ಮೇಲೆ ಬಂದ ಮೇಲೆ ಕಾಲು ಬಡಿಯುತ್ತ ಹರಟೆಗೆ ನಿಲ್ಲದೆ ಬೇಗ ದೋಣಿ ಹತ್ತಿ.

ಆಹಾರ ಹಾಕಿ ಕರೆಯುವುದೇ ತಪ್ಪು ಎನ್ನುವವರಿದ್ದಾರೆ. ಫ್ಲೋರಿಡಾ, ಹವಾಯಿಗಳಲ್ಲಿ ಅದಕ್ಕೆ ನಿಷೇಧವೂ ಇದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಹಿಡಿಯುವುದನ್ನು ನಿಲ್ಲಿಸಿತು. ಜೀವಂತ ಶಾರ್ಕ್‌ನಿಂದ ಊರಿಗೆ ಸಂಪಾದನೆ ಇದ್ದರೆ ಅಂಥ ಕಾನೂನು ಉಳಿಯುತ್ತದೆ. ಆದರೆ ಫೋಟೊಗಾಗಿ ಕೈಯಿಂದ ತಿನ್ನಿಸುವ ಗೈಡ್ ಜೊತೆ ನೀರಿಗಿಳಿಯಬೇಡಿ. ಒಬ್ಬ ಗೈಡ್‌ಗೆ ಎಷ್ಟು ಜನ, ಮೇಲೇಳುವಾಗ ಹಿಂದೆ ನೋಡಿಕೊಳ್ಳುವವರು ಯಾರು, ದೋಣಿಯಲ್ಲಿ ಆಮ್ಲಜನಕ ಮತ್ತು ರಕ್ತ ನಿಲ್ಲಿಸುವ ಪಟ್ಟಿ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಉತ್ತರ ತಡವರಿಸಿದರೆ ಬೇರೆ ದೋಣಿ ಹುಡುಕಿ.